ಎಣ್ಣೆ ಬಿದ್ದ ಕಡಲು, ಲೆಕ್ಕಕ್ಕೆ ಸಿಗದ ನಷ್ಟ: ಮೀನುಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ



ಕಡಲಿಗೆ ಬಿದ್ದ ಎಣ್ಣೆ ಬಿದ್ದಲ್ಲೇ ಇರುವುದಿಲ್ಲ, ಬಿದ್ದ ಹಾಗೆಯೂ ಇರುವುದಿಲ್ಲ. ಡೀಸೆಲಿನಂಥ ಹಗುರ ಎಣ್ಣೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಆವಿಯಾಗುತ್ತದೆ, ಇಲ್ಲವೇ ಅಲೆಗಳಲ್ಲಿ ಚದುರಿಹೋಗುತ್ತದೆ. ಹಡಗಿನ ಎಂಜಿನ್ನಿಗೆ ಉರಿಸುವ ಫರ್ನೇಸ್ ಆಯಿಲ್ ಕಾಕಂಬಿಯ ಹಾಗೆ ಮಂದ. ಅಲೆಯ ಹೊಡೆತಕ್ಕೆ ಅದು ನೀರು ಕುಡಿದು ಕಂದು ಲೋಳೆಯಾಗಿ ಉಬ್ಬುತ್ತದೆ; ಒಂದು ಡ್ರಮ್ ಎಣ್ಣೆ ಮೂರು ನಾಲ್ಕು ಡ್ರಮ್ ಜಿಡ್ಡಾಗುತ್ತದೆ. ಮರಳು, ಕೆಸರು ಅಂಟಿಸಿಕೊಂಡು ಒಂದಿಷ್ಟು ತಳ ಸೇರುತ್ತದೆ. ಉಳಿದದ್ದು ಉಂಡೆಯುಂಡೆಯಾಗಿ ದಡಕ್ಕೆ ಬರುತ್ತದೆ. ಕಾರವಾರದ ಕಡೆ ಜಿಡ್ಡಿನುಂಡೆ ಎನ್ನುವುದು ಇದನ್ನೇ.

ಈ ಕರಾವಳಿಯ ಆಸುಪಾಸಿನ ಹಡಗು ದುರಂತಗಳ ತಾರೀಖುಗಳನ್ನು ಒಂದು ಕಡೆ ಬರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾರವಾರದೆದುರು ಬಂಡೆಗೆ ಬಡಿದ ಓಷನ್ ಸೆರಾಯಾ ನೂರಾರು ಟನ್ ಎಣ್ಣೆ ಚೆಲ್ಲಿ, ಗೋವಾದ ತೆಂಕಣ ದಂಡೆಯವರೆಗೂ ಜಿಡ್ಡು ಹರಡಿದ್ದು 2006ರ ಮೇ ಕೊನೆಯಲ್ಲಿ. ಮಂಗಳೂರಿನೆದುರು ಡೆಂಡೆನ್ ಮುಳುಗಿದ್ದು 2007ರ ಜೂನಿನಲ್ಲಿ. ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಹಡಗಿನಿಂದ 15 ಮಂದಿ ಸಿರಿಯಾದವರನ್ನು ಕೋಸ್ಟ್ ಗಾರ್ಡ್ ಪಾರುಮಾಡಿದ್ದು 2022ರ ಜೂನಿನಲ್ಲಿ. ಕೇರಳದೆದುರು ಎಂಎಸ್‌ಸಿ ಎಲ್ಸಾ 3 ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್, 640 ಕಂಟೇನರ್ ಹೊತ್ತಿದ್ದಾಗ ಮುಳುಗಿದ್ದು 2025ರ ಮೇ 25ರಂದು. ಎರಡು ವಾರಕ್ಕೆ, ಜೂನ್ 9ರಂದು, ವಾನ್ ಹೈ 503 ಹೊತ್ತಿ ಉರಿಯಿತು. ಬದುಕುಳಿದ 18 ಮಂದಿಯನ್ನು ನೌಕಾಪಡೆ ತಂದಿಳಿಸಿದ್ದು ನವಮಂಗಳೂರು ಬಂದರಿನಲ್ಲೇ. ಇವುಗಳಲ್ಲಿ ಒಂದೂ ತೈಲ ಸಾಗಿಸುವ ಟ್ಯಾಂಕರ್ ಅಲ್ಲ. ಎಲ್ಲವೂ ಸರಕು ಹಡಗುಗಳು. ಎಲ್ಲವೂ ಮಳೆಗಾಲದ ಬಾಗಿಲಲ್ಲೇ ನಡೆದವು. ಈ ಎರಡೂ ಅಂಶಕ್ಕೆ ಮೀನಿನ ಬದುಕಿನಲ್ಲೂ ಪರಿಹಾರದ ಕಡತದಲ್ಲೂ ದೊಡ್ಡ ಬೆಲೆಯಿದೆ.

ಭೂತಾಯಿ ಮೀನು ಮೊಟ್ಟೆಯಿಡುವ ಮುಖ್ಯ ಕಾಲವೂ ಮಳೆಗಾಲವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ಕಟ್ಟಿಹಾಕುವ ನಿಷೇಧದ ಹಿಂದಿರುವ ತರ್ಕವೂ ಅದೇ. ತೇಲುವ ಮೊಟ್ಟೆ, ಆಗಷ್ಟೇ ಒಡೆದ ಮರಿ, ಅವು ತಿನ್ನುವ ಸೂಕ್ಷ್ಮಜೀವಿ ಎಲ್ಲವೂ ಇರುವುದು ನೀರಿನ ಮೇಲ್ಪದರದಲ್ಲಿ. ಎಣ್ಣೆ ಹರಡುವುದೂ ಅಲ್ಲೇ. ಬೆಳೆದ ಬಂಗುಡೆ, ಅಂಜಲ್‌ಗಳಿಗೆ ಈಜಿ ತಪ್ಪಿಸಿಕೊಳ್ಳುವ ಅವಕಾಶವಾದರೂ ಉಂಟು. ಮೊಟ್ಟೆಗೆ ಅದೂ ಇಲ್ಲ. ಕಚ್ಚಾತೈಲದಲ್ಲಿರುವ ಪಿಎಎಚ್ ಎಂಬ ರಾಸಾಯನಿಕಗಳು ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕರಗಿದರೂ ಮೀನಿನ ಭ್ರೂಣದ ಹೃದಯವನ್ನು ಕೆಡಿಸುತ್ತವೆ: ಮಿಡಿತ ತಾಳ ತಪ್ಪುತ್ತದೆ, ಹೃದಯದ ಸುತ್ತ ನೀರು ತುಂಬುತ್ತದೆ. ಹೆರಿಂಗ್, ಟ್ಯೂನಾ ಮೀನುಗಳಲ್ಲಿ ವಿಜ್ಞಾನಿಗಳು ಇದನ್ನು ಕಂಡಿದ್ದಾರೆ. ಹಾಗೆ ಕೆಟ್ಟ ಮರಿ ಆ ಕ್ಷಣಕ್ಕೆ ಸಾಯಬೇಕೆಂದಿಲ್ಲ. ಈಜುವ ಕಸುವಿಲ್ಲದೆ ಮುಂದೆಂದೋ ಇನ್ನೊಂದರ ಬಾಯಿಗೆ ಬೀಳುತ್ತದೆ. ಎಣ್ಣೆ ಮೆತ್ತಿ ಸತ್ತ ಹಕ್ಕಿಯ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಮರಿಯ ಚಿತ್ರ ಎಲ್ಲೂ ಬರುವುದಿಲ್ಲ. ಅದರ ಸುದ್ದಿ ಸಿಗುವುದು ವರ್ಷವೊಂದೆರಡು ಕಳೆದ ಮೇಲೆ, ಖಾಲಿ ಬಲೆಯಲ್ಲಿ.

ಹಕ್ಕಿ, ಆಮೆ, ಕಾಂಡ್ಲಾ ಕಾಡುಗಳ ಪಾಡು ಸಾಕಷ್ಟು ಪ್ರಚಾರ ಪಡೆದಿದೆ. ಗರಿಗೆ ಎಣ್ಣೆ ತಾಗಿದರೆ ಹಕ್ಕಿಯ ಮೈ ಬಿಸಿ ನಿಲ್ಲುವುದಿಲ್ಲ. ಕಾಂಡ್ಲಾದ ಉಸಿರುಬೇರಿನ ರಂಧ್ರಕ್ಕೆ ಜಿಡ್ಡು ಕಟ್ಟಿದರೆ ಗಿಡವೇ ಒಣಗುತ್ತದೆ. ಚಿಪ್ಪುಜೀವಿಗಳ ಮಾತು ಇಲ್ಲಿ ಹೆಚ್ಚು ಮುಖ್ಯ. ಮೀನಿನ ಪಿತ್ತಜನಕಾಂಗ ಪಿಎಎಚ್ ಅನ್ನು ಒಡೆದು ಹೊರಹಾಕಬಲ್ಲದು. ಬಳಚು, ಮರುವಾಯಿ, ಪಚ್ಚಿಲೆಗಳಿಗೆ ಆ ಶಕ್ತಿ ತೀರ ಕಡಿಮೆ. ದಿನವಿಡೀ ನೀರು ಸೋಸಿ ತಿನ್ನುವ ಜೀವಿಗಳಾದ್ದರಿಂದ ಅವು ವಿಷವನ್ನು ಕೂಡಿಟ್ಟುಕೊಳ್ಳುತ್ತವೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು, ಪಾದದಡಿಯ ಕೆಸರಿನಲ್ಲಿ ಗಟ್ಟಿ ತಾಗಿದ್ದನ್ನು ಎತ್ತಿ ಬುಟ್ಟಿಗೆ ಹಾಕುವ ಬಳಚಿನ ಕಸುಬು ಹಡಗುದಾರಿಯಿಂದ ಬಹಳ ದೂರವೆಂದು ತೋರಬಹುದು. ಉಬ್ಬರಕ್ಕೆ ಆ ದೂರ ಗೊತ್ತಿಲ್ಲ. ಒಮ್ಮೆ ಕೆಸರಿಗೆ ಇಳಿದ ಎಣ್ಣೆ ಗಾಳಿ ಸಿಗದೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಮೀನು ಸಾಯದೆಯೂ ವ್ಯಾಪಾರ ಸಾಯುತ್ತದೆ. ಜಿಡ್ಡಿನ ಪದರದ ಮೂಲಕ ಎಳೆದ ಬಲೆಯ ಗಂಟುಗಂಟಿಗೂ ಎಣ್ಣೆ ಹಿಡಿಯುತ್ತದೆ. ಆಳದಲ್ಲಿ ಶುದ್ಧವಾಗಿದ್ದ ಮೀನೂ ದೋಣಿಗೆ ಬರುವಷ್ಟರಲ್ಲಿ ಸೀಮೆಎಣ್ಣೆ ನಾರುತ್ತದೆ. ಹತ್ತು ಲಕ್ಷದಲ್ಲಿ ಕೆಲವೇ ಪಾಲು ಎಣ್ಣೆಯಿದ್ದರೂ ನಾಲಿಗೆ ಅದನ್ನು ಪತ್ತೆಹಚ್ಚುತ್ತದೆ. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ತೈಲಬಾವಿ 87 ದಿನ ಎಣ್ಣೆ ಕಕ್ಕಿದಾಗ ಅಮೆರಿಕ ತನ್ನ ಮೆಕ್ಸಿಕೊ ಕೊಲ್ಲಿಯ ಒಕ್ಕೂಟ ಜಲಪ್ರದೇಶದ ಶೇ 37ರಷ್ಟನ್ನು ಮೀನುಗಾರಿಕೆಗೆ ಮುಚ್ಚಿತ್ತು. ಮತ್ತೆ ತೆರೆಯುವ ಮುನ್ನ ತರಬೇತಿ ಪಡೆದವರು ಮೀನನ್ನು ಹಸಿಯಾಗಿ ಮೂಸಿ, ಬೇಯಿಸಿ ಮೂಸಿ, ಬಾಯಿಗಿಟ್ಟು ನೋಡಬೇಕಿತ್ತು. ಪ್ರಯೋಗಾಲಯದ ಪರೀಕ್ಷೆ ಬೇರೆ. ಅಷ್ಟಾದರೂ ಗಿರಾಕಿಯ ಅನುಮಾನ ಬೇಗ ಕರಗಲಿಲ್ಲ. ಎಲ್ಸಾ 3 ಮುಳುಗಿದಾಗ ಕೇರಳದಲ್ಲೂ ಮೀನು ತಿನ್ನಬಹುದೇ ಎಂಬ ಭಯವೇ ಮಾರುಕಟ್ಟೆಗೆ ಮೊದಲು ಬಂತು. ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಪ್ರಯೋಗಾಲಯದ ವರದಿ ತೋರಿಸಿ ವ್ಯಾಪಾರ ಮಾಡಲಾಗದು.

ಪರಿಹಾರದ ಕಡತ ತೆರೆದಾಗ ತೊಡಕು ಶುರುವಾಗುತ್ತದೆ. ಟ್ಯಾಂಕರ್‌ನಿಂದ ಎಣ್ಣೆ ಚೆಲ್ಲಿದರೆ ಹಡಗಿನ ವಿಮೆಯ ಮೇಲೆ ಲಂಡನ್ನಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ನಿಧಿಯ ಹಣವೂ ಸಿಗಬಲ್ಲದು. ಸರಕು ಹಡಗಿನ ಇಂಧನ ಚೆಲ್ಲಿದರೆ ಆ ನಿಧಿಯಿಲ್ಲ. ಹಡಗಿನ ಗಾತ್ರಕ್ಕೆ ಕಟ್ಟಿದ ಮಿತಿಯೊಳಗೆ ಮಾಲೀಕ ಮತ್ತು ವಿಮೆ, ಅಷ್ಟೇ. ಎಲ್ಸಾ 3 ಪ್ರಕರಣದಲ್ಲಿ ಕೇರಳ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಗಿ, ಅದೇ ಕಂಪನಿಯ ಇನ್ನೊಂದು ಹಡಗನ್ನು ತಡೆಹಿಡಿಸಿತು. ಆ ಚುರುಕು ಮೆಚ್ಚತಕ್ಕದ್ದು. ಆದರೆ ಎಷ್ಟೇ ಕೋಟಿ ಕೇಳಿದರೂ ಕೊನೆಗೆ ಬರುವ ಪ್ರಶ್ನೆ ಒಂದೇ: ಮೊದಲು ಎಷ್ಟಿತ್ತು, ಈಗೆಷ್ಟು ಕಡಿಮೆಯಾಯಿತು, ಅದಕ್ಕೆ ಎಣ್ಣೆಯೇ ಕಾರಣವೆಂಬುದಕ್ಕೆ ಪುರಾವೆ ಏನು?

ಅಲಾಸ್ಕಾದಲ್ಲಿ 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೀಜ್ ಎಣ್ಣೆ ಚೆಲ್ಲಿತು. ಹೆರಿಂಗ್ ಮೀನು ಕುಸಿದಿದ್ದು 1993ರಲ್ಲಿ. ಎಣ್ಣೆಯೋ ರೋಗವೋ ಆಹಾರದ ಕೊರತೆಯೋ ಎಂದು ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ದಕ್ಷಿಣ ಕೊರಿಯಾದ ತೇಆನ್ ಕರಾವಳಿಯ ಕಥೆ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. 2007ರ ಡಿಸೆಂಬರಿನಲ್ಲಿ ಹೆಬೆ ಸ್ಪಿರಿಟ್ ಟ್ಯಾಂಕರ್‌ನಿಂದ 10,000 ಟನ್ನಿಗೂ ಹೆಚ್ಚು ಕಚ್ಚಾತೈಲ ಸೋರಿ, ಒಂದು ಲಕ್ಷಕ್ಕೂ ಮಿಕ್ಕಿ ಪರಿಹಾರದ ಅರ್ಜಿಗಳು ಬಂದವು. ಕೆಸರುದಂಡೆಯಲ್ಲಿ ಬರಿಗೈಯಲ್ಲಿ ಚಿಪ್ಪು ಆಯುತ್ತಿದ್ದವರ ಬಳಿ ರಸೀದಿಯಿರಲಿಲ್ಲ, ಲೆಕ್ಕದ ಪುಸ್ತಕವಿರಲಿಲ್ಲ. ಪುರಾವೆಯಿಲ್ಲದ ಅರ್ಜಿಗಳು ಭಾರಿ ಸಂಖ್ಯೆಯಲ್ಲಿ ಬಿದ್ದುಹೋದವು.

ಕರ್ನಾಟಕದಲ್ಲಿ ಮೀನು ಇಳಿಯುವ ದಕ್ಕೆಗಳ ಅಂದಾಜು ಲೆಕ್ಕ ಇದೆ. ಅದು ಯಾವ ಮೀನು, ಯಾವ ಬಲೆ ಎಂದು ಹೇಳುತ್ತದೆ, ಯಾರ ಬುಟ್ಟಿ ಎಂದು ಹೇಳುವುದಿಲ್ಲ. ಟ್ರಾಲ್ ದೋಣಿಗೆ ನೋಂದಣಿಯಿದೆ, ಡೀಸೆಲ್ ಪುಸ್ತಕವಿದೆ. ಮೇ ಕೊನೆಯಿಂದ ಹಡಗುಗಳು ಅಪಾಯಕ್ಕೆ ಸಿಗುವ ದಿನಗಳಲ್ಲಿ ಬಹುಪಾಲು ಆ ದೋಣಿ ಹೇಗೂ ದಡದಲ್ಲಿರುತ್ತದೆ. ಆಗ ನೀರಿಗಿಳಿಯುವವರು ನಾಡದೋಣಿಯವರು, ದಡದಿಂದ ಬಲೆ ಎಳೆಯುವ ಕೈರಂಪಣಿಯವರು, ಬಳಚು ಆಯುವವರು. ಅವರ ದುಡಿಮೆಗೆ ಕಾಗದವಿಲ್ಲ, ಮೇಲಾಗಿ ‘ನಿಷೇಧದ ಅವಧಿಯಲ್ಲಿ ನಷ್ಟವೆಲ್ಲಿಂದ’ ಎಂಬ ಸವಾಲಿಗೆ ಮೊದಲು ಗುರಿಯಾಗುವವರೂ ಅವರೇ.

ಇದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ. ಕೋಸ್ಟ್ ಗಾರ್ಡ್ ಬಳಿ ತೇಲುತಡೆಗಳಿವೆ, ಎಣ್ಣೆ ಎತ್ತುವ ಸಾಧನಗಳಿವೆ. ಮೀನುಗಾರಿಕಾ ಇಲಾಖೆಯ ಕೈಯಲ್ಲೇ ಆಗುವ ಕೆಲಸ ಬೇರೆಯೇ ಇದೆ. ನಾಡದೋಣಿ, ಕೈರಂಪಣಿ, ಬಳಚಿನವರ ಮತ್ತು ಮೀನು ಮಾರುವ ಹೆಂಗಸರ ಹೆಸರು ಸಹಕಾರ ಸಂಘಗಳ ಮೂಲಕ ದಾಖಲಾಗಬೇಕು. ದಿನದ ಹಿಡಿತ, ಸಿಕ್ಕ ದರ ಒಂದು ಪುಸ್ತಕದಲ್ಲಿ ಸೇರಬೇಕು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಅಳಿವೆಗಳ ಕೆಸರು ಮತ್ತು ಚಿಪ್ಪಿನ ಮಾದರಿಯನ್ನು ವರ್ಷಕ್ಕೆರಡು ಬಾರಿ, ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ, ತೆಗೆದು ಪಿಎಎಚ್ ಪರೀಕ್ಷೆ ಮಾಡಿಸಿ ಮೊಹರು ಹಾಕಿ ಇಡಬೇಕು. ಎಣ್ಣೆ ಬಿದ್ದ ಮೇಲೆ ತೆಗೆದ ಮಾದರಿಯನ್ನು ಹೋಲಿಸಲು ಎಣ್ಣೆ ಬೀಳುವ ಮುಂಚಿನದೊಂದು ಮಾದರಿ ಇಲಾಖೆಯ ಕಪಾಟಿನಲ್ಲಿರಬೇಕು. ಮೊದಲ ಸುತ್ತಿನ ಕೆಲಸ ಬರುವ ಮೇ ತಿಂಗಳೊಳಗೆ ಮುಗಿಯಬಲ್ಲದು.