ಜರೀಗಿಡವೂ ಗರಗಸ ಮೀನೂ

ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ ಮರಜರೀಗಿಡಕ್ಕೂ ನಮ್ಮ ಕಡಲಿನ ಗರಗಸ ಮೀನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಒಂದು ಹೂ ಬಿಡದ ಸಸ್ಯ. ಮತ್ತೊಂದು ತೊರಕೆಯ ಕುಲಕ್ಕೆ ಸೇರಿದ, ಗರಗಸದಂತಹ ಮೂತಿಯುಳ್ಳ ಜಲಚರ. ಆದರೆ ಎರಡೂ ಅತಿ ಪುರಾತನ ವಂಶದವು. 1973ರ ವಾಷಿಂಗ್ಟನ್ ಒಪ್ಪಂದವು ಎರಡರ ವ್ಯಾಪಾರವನ್ನೂ ನಿರ್ಬಂಧಿಸುತ್ತದೆ. ಜರೀಗಿಡವು ಅದರ ಎರಡನೆಯ ಪಟ್ಟಿಯಲ್ಲಿದೆ, ಗರಗಸ ಮೀನು ಹೆಚ್ಚು ಕಠಿಣವಾದ ಮೊದಲನೆಯದರಲ್ಲಿದೆ.

ಆದರೂ ಎರಡಕ್ಕೂ ಒಂದೇ ವಿಧದ ರಕ್ಷಣೆ ಸಾಕೆಂದು ಭಾವಿಸುವುದು ಸರಿಯಲ್ಲ. ಜರೀಗಿಡವು ತನ್ನ ಎಲೆಗಳ ಅಡಿಯಿಂದ ಲಕ್ಷಾಂತರ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಕಣವು ಮೊಳೆತಾಗ ಹುಟ್ಟುವ ಸಣ್ಣ ಹಸಿರು ಚಕ್ಕೆಯ ಮೇಲೆ ನೀರಿನ ತೆಳು ಪದರವಿದ್ದರೆ ಮಾತ್ರ ಗರ್ಭಾಂಕುರವಾಗುವುದು. ನೆರಳೂ ತೇವವೂ ಉಳಿದಲ್ಲಿ ಕಡಿದ ಗಿಡದ ಸ್ಥಾನವು ಕಾಲಕ್ರಮದಲ್ಲಿ ತುಂಬಬಹುದು. ಹೊಳೆ ಬತ್ತಿದರೆ ಆ ಲಕ್ಷಾಂತರ ಕಣಗಳೂ ನಿಷ್ಫಲ. ಆದುದರಿಂದ ಇಲ್ಲಿ ಕಾಯತಕ್ಕದ್ದು ಸ್ಥಳವನ್ನು.

ಗರಗಸ ಮೀನಿನ ಸ್ಥಿತಿ ಬೇರೆ. ಅದು ಮರಿ ಹಾಕುವ ಜೀವಿ; ಒಂದು ಸೂಲಿಗೆ ಕೆಲವೇ ಮರಿಗಳು; ಪ್ರಾಯಕ್ಕೆ ಬರಲು ಅನೇಕ ವರ್ಷಗಳು ಬೇಕು. ಅದರ ಆಯುಧವಾದ ಹಲ್ಲುಮೂತಿಯೇ ಬಲೆಯಲ್ಲಿ ಸಿಕ್ಕಿ ಅದಕ್ಕೆ ಮೃತ್ಯುವಾಗುತ್ತದೆ. ಇಲ್ಲಿ ಒಂದೊಂದು ಪ್ರಾಣವೂ ಲೆಕ್ಕಕ್ಕೆ ಬರುವಂಥದು.

2001ರಲ್ಲಿಯೇ ಗರಗಸ ಮೀನನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ ಸೇರಿಸಲಾಯಿತು. ಹಾಗಿದ್ದರೂ 2022ರ ಮಾರ್ಚಿಯಲ್ಲಿ ಮಲ್ಪೆಯ ಮೀನುಗಾರರ ಬಲೆಗೆ ಸುಮಾರು 250 ಕಿಲೋಗ್ರಾಂ ತೂಕದ ಗರಗಸ ಮೀನೊಂದು ಬಿದ್ದಿತು. ಅದು ಬೇಕೆಂದು ಹಿಡಿದುದಲ್ಲ, ತಾನಾಗಿ ಸಿಕ್ಕಿದುದು. ಇಂತಹ ಸಂದರ್ಭದಲ್ಲಿ ದಂಡನೆಯ ಭಯವೊಂದೇ ಇದ್ದರೆ ಸಿಕ್ಕಿದ್ದನ್ನು ಮರೆಮಾಚುವ ಬುದ್ಧಿ ಹುಟ್ಟುವುದಲ್ಲದೆ ಮೀನು ಉಳಿಯುವುದಿಲ್ಲ. ಬಲೆಯನ್ನು ಕತ್ತರಿಸಿ ಬಿಟ್ಟುಬಿಡೆಂದು ಹೇಳುವುದು ಸುಲಭ; ಆ ಬಲೆಯೇ ಬಡ ಮೀನುಗಾರನ ಬಂಡವಾಳ.

ಮಹಾರಾಷ್ಟ್ರದವರು ಈ ತೊಡಕನ್ನು ಅರಿತು, ರಕ್ಷಿತ ಜಲಚರಗಳನ್ನು ಬಿಡುಗಡೆ ಮಾಡಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡುವ ಕ್ರಮವನ್ನು 2018ರಲ್ಲಿ ಆರಂಭಿಸಿದರು. ಅಪರಾಧಿಯಾಗಬಹುದಾದವನನ್ನು ರಕ್ಷಕನನ್ನಾಗಿ ಮಾಡುವ ಈ ಮಾರ್ಗವು ಶ್ಲಾಘನೀಯವಾದುದು. ಮಂಗಳೂರಿನಿಂದ ಕಾರವಾರದವರೆಗೆ ಪ್ರತಿಯೊಂದು ಬಂದರಿನಲ್ಲಿಯೂ ಇಂತಹ ಪರಿಹಾರವು ವಿಳಂಬವಿಲ್ಲದೆ ಮೀನುಗಾರನ ಕೈಸೇರುವಂತಿರಬೇಕು. ಘಟ್ಟದ ಮೇಲೆ ಹೊಳೆದಂಡೆಯ ಕಾಡನ್ನು ಕಡಿಯಲು ಅಪ್ಪಣೆ ಕೊಡುವ ಮೊದಲು ಅಧಿಕಾರಿಗಳು ಆ ದಂಡೆಯನ್ನು ಸ್ವತಃ ಕಂಡುಬರಬೇಕು. ಈ ಎರಡು ಕಾರ್ಯಗಳ ಕಡೆಗೆ ಸರಕಾರದವರ ಲಕ್ಷ್ಯವನ್ನು ಸೆಳೆಯುತ್ತೇವೆ.