ಓಬೋ ಯಾವುದು, ಕ್ಲಾರಿನೆಟ್ ಯಾವುದು.. ಗೊತ್ತಾದ್ರೆ ಏನು ಲಾಭ?

ನಮ್ಮ ಬಾಳ್ಳುಪೇಟೆ ಕಡೆ 'ಆರ್ಕೆಸ್ಟ್ರಾ' ಅಂದ್ರೆ ಗಣಪತಿ ಪೆಂಡಾಲು, ಒಂದು ಕೀಬೋರ್ಡು, ರಿದಂ ಪ್ಯಾಡು, ಜೊತೆಗೆ ಅಣ್ಣಾವ್ರ ಹಾಡು. ಎಂಬತ್ತು-ತೊಂಬತ್ತು ಜನ ಕೂತು ನುಡಿಸೋ ಸಿಂಫನಿ ಆರ್ಕೆಸ್ಟ್ರಾದಲ್ಲಿ ಯಾವ ದನಿ ಯಾವ ವಾದ್ಯದ್ದು ಅಂತ ಗುರುತು ಹಿಡಿಯೋದು ದೊಡ್ಡವರ ಶೋಕಿ, ನಮಗ್ಯಾಕೆ ಅನ್ನೋರೇ ಜಾಸ್ತಿ. ನಾನಂತೂ ಒಪ್ಪಲ್ಲ.

ಮೊದಲನೇದಾಗಿ, ಅದು ಅಷ್ಟೇನೂ ಕಷ್ಟದ್ದಲ್ಲ. ತೋಟದಲ್ಲಿ ಕೆಲಸ ಮಾಡೋರು ತಲೆ ಎತ್ತದೇ ಕೂಗಿನ ಮೇಲೇ ಹೇಳ್ತಾರೆ, ಇದು ಕುಟ್ರ, ಇದು ಕಾಜಾಣ ಅಂತ. ವಾದ್ಯಗಳೂ ಹಾಗೇ. ತಂತಿ, ಮರದ ಊದುವಾದ್ಯ, ಹಿತ್ತಾಳೆ, ಬಡಿಯುವಾದ್ಯ ಅಂತ ನಾಲ್ಕು ಮನೆತನ. ನಮ್ಮ ಓಲಗದ ನಾಗಸ್ವರದ ಥರಾನೇ ಎರಡು ತೆಳು ಪಟ್ಟಿಯ ಪೀಪಿ ಇರೋದು ಓಬೋಗೆ, ಅದಕ್ಕೇ ಆ ಚುರುಕು ದನಿ. ಕ್ಲಾರಿನೆಟ್‌ಗೆ ಒಂದೇ ಪಟ್ಟಿ, ದನಿ ದುಂಡಗೆ. ರಷ್ಯಾದ ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗಂತಲೇ ಬರೆದ 'ಪೀಟರ್ ಅಂಡ್ ದ ವುಲ್ಫ್' ಕೇಳಿ: ಹಕ್ಕಿಗೆ ಕೊಳಲು, ಬಾತಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಗೊಣಗೋ ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್. ಅರ್ಧ ಗಂಟೇಲಿ ಪಾಠ ಮುಗೀತು :-)

ಇನ್ನು 'ನಮ್ಮದಲ್ಲ' ಅನ್ನೋ ಮಾತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಅದರ ಮೊದಲ ವರ್ಷಗಳಲ್ಲಿ ದುಡ್ಡು ಕೊಟ್ಟು ನಿಂತವರು ನಮ್ಮ ಜಯಚಾಮರಾಜ ಒಡೆಯರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದೂ ಅವರ ನೆರವಿನಿಂದಲೇ.

ಆದ್ರೆ ನನ್ನ ಅಸಲಿ ಕಾರಣ ಬೇರೆ. ಈಗ ಕಂಪ್ಯೂಟರಿನಲ್ಲಿ 'ಸ್ಟ್ರಿಂಗ್ಸ್' ಅಂತ ಒತ್ತಿದರೆ ನಲವತ್ತು ಪಿಟೀಲು ಒಟ್ಟಿಗೆ ಬರುತ್ತೆ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯೋ ನಾನು ಅದನ್ನ ಬೈಯೋ ಹಾಗಿಲ್ಲ. ಆದರೆ ಕೇಳೋ ಕಿವಿಗೆ ವ್ಯತ್ಯಾಸ ಗೊತ್ತಾಗದಿದ್ದರೆ, ಆ ನಲವತ್ತು ಜನರಿಗೆ ಸಂಬಳ ಯಾರು ಕೊಡ್ತಾರೆ? ದೇವಸ್ಥಾನಗಳನ್ನೇ ನೋಡಿ. ಮಂಗಳಾರತಿ ಹೊತ್ತಿಗೆ ಸ್ವಿಚ್ ಹಾಕಿದ್ರೆ ನಗಾರಿ, ಜಾಗಟೆ, ಗಂಟೆ ಎಲ್ಲಾ ಬಡಿಯೋ ಯಂತ್ರ ಬಂದು ಎಷ್ಟು ಕಾಲ ಆಯ್ತು. ಬಡಿಯೋ ಕೈಗಳು ಯಾವಾಗ ಎದ್ದು ಮನೆಗೆ ಹೋದವು ಅಂತ ಯಾರಾದ್ರೂ ಕೇಳಿದ್ವಾ?

ಕಿವಿ ಇದ್ದರೆ ಉಲ್ಟಾನೂ ಆಗುತ್ತೆ. ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಸಿಂಫನಿಯಲ್ಲೇ ಕಾಯಂ ಜಾಗ ಇಲ್ಲದ ಆ ವಾದ್ಯಕ್ಕೆ ಕರ್ನಾಟಕ ಸಂಗೀತದಲ್ಲಿ ಜಾಗ ಮಾಡಿಕೊಟ್ಟರು. 2019ರಲ್ಲಿ ಅವರು ಹೋದರು. ಕರಾವಳಿಯ ಮದುವೆ ಮನೆಗಳಲ್ಲಿ ಆ ದನಿ ಉಳಿದಿದೆ. ಅಷ್ಟೊಂದು ದನಿಗಳ ಮಧ್ಯೆ ಒಂದನ್ನ ಬೇರೆಯಾಗಿ ಕೇಳಿಸಿಕೊಂಡಿದ್ದರ ಫಲ ಇದು.

ಅದಕ್ಕೇ ಹೇಳೋದು, ವಾದ್ಯದ ಹೆಸರು ಹಿಡಿಯೋದು ಜಾಣತನ ತೋರಿಸೋಕಲ್ಲ. ಹಿಂದಿನ ಸಾಲಿನಲ್ಲಿ ಕೂತು ಊದೋ ಒಬ್ಬ ಮನುಷ್ಯನನ್ನ 'ನೀನಿದ್ದೀಯ, ಗೊತ್ತಾಯ್ತು' ಅಂತ ಗುರುತಿಸೋಕೆ. ಇವತ್ತು ರಾತ್ರಿ ಒಂದು ಹಳೇ ಕನ್ನಡ ಹಾಡು ಹಾಕಿ, ಸಾಹಿತ್ಯ ಬಿಟ್ಟು ಹಿಂದಿನ ದನಿಗಳನ್ನ ಮಾತ್ರ ಎಣಿಸಿ. ಎಷ್ಟು ಸಿಕ್ಕಿದವು ಅಂತ ಹೇಳ್ತೀರಲ್ಲ?