ಇಲಿಯ ಋಣ

ಕನ್ನಡಿಗರ ಊಟ ಉಂಡು ಬೆಳೆದ ಇಲಿಗಳ ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು. 1920ರ ದಶಕದಲ್ಲಿ ಕೂನೂರಿನಲ್ಲಿ ಡಾ. ರಾಬರ್ಟ್ ಮೆಕ್ಯಾರಿಸನ್ ಅವರು ಇಲಿಗಳನ್ನು ಏಳು ಗುಂಪು ಮಾಡಿ, ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು ಉಣ್ಣುವ ಊಟವನ್ನು ಒಂದೊಂದು ಗುಂಪಿಗೆ ಇಕ್ಕಿ ಸಾಕಿದರು. ಕೊನೆಗೆ ತೂಗಿ ನೋಡಿದರೆ, ಸಿಖ್ಖರ ಗೋಧಿ ರೊಟ್ಟಿ, ಹಾಲು, ಬೆಣ್ಣೆ ತಿಂದ ಇಲಿಯ ಸರಾಸರಿ ತೂಕ 235 ಗ್ರಾಂ; ನಮ್ಮ ಊಟ ತಿಂದದ್ದು 185 ಗ್ರಾಂ! ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ನಿಂತಿದೆ. ನಮ್ಮ ತಟ್ಟೆಯಲ್ಲಿ ಏನು ಕೊರತೆಯೆಂದು ತೋರಿಸಿಕೊಟ್ಟ ಆ ಮೂಕಪ್ರಾಣಿಗಳ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ಬಗೆ ಹೇಗೆ ಎಂಬುದೇ ಈಗಿನ ಪ್ರಶ್ನೆ.

ಈ ಮಾತೆತ್ತಿದೊಡನೆ, “ಇಲಿಯ ಪ್ರಾಣ ಹೆಚ್ಚೋ, ಮಗುವಿನ ಪ್ರಾಣ ಹೆಚ್ಚೋ?” ಎಂದು ಬಾಯಿ ಮುಚ್ಚಿಸುವವರಿದ್ದಾರೆ. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಲ್ಫಾ ಔಷಧಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮಾರುವ ಮುನ್ನ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿರಲಿಲ್ಲ, ನಿಜ. ಆದರೆ ಅದೇ ವಿಷ 1998ರಲ್ಲಿ ಗುರಗಾಂವದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಔಷಧಿಯೊಳಗೆ ಸೇರಿ ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡಿತಲ್ಲ! ಅದು ವಿಷವೆಂದು ತಿಳಿಯಲು ಇನ್ನೊಂದು ಇಲಿ ಸಾಯಬೇಕಾಗಿತ್ತೇ? ಸೀಸೆಗೆ ತುಂಬುವುದನ್ನು ತುಂಬುವ ಮೊದಲೇ ರಾಸಾಯನಿಕ ಪರೀಕ್ಷೆಗೆ ಒಡ್ಡುವ ಪ್ರಾಮಾಣಿಕತೆ ಸಾಕಾಗಿತ್ತು. ಸತ್ತ ಇಲಿಗಳ ಲೆಕ್ಕ ತೋರಿಸಿ ಮಕ್ಕಳ ರಕ್ಷಣೆಯಾಯಿತೆನ್ನುವುದು ಆತ್ಮವಂಚನೆ.

ಹಾಗೆಂದು “ಎಲ್ಲ ಪ್ರಯೋಗಗಳನ್ನೂ ನಾಳೆಯೇ ನಿಲ್ಲಿಸಿ” ಎನ್ನುವವರ ಪಕ್ಷವೂ ನನ್ನದಲ್ಲ. 1921ರಲ್ಲಿ ಟೊರಾಂಟೊದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದ ಇನ್ಸುಲಿನ್ ಬಂತು. ಸಕ್ಕರೆ ಕಾಯಿಲೆಯಿಲ್ಲದ ಮನೆ ನಮ್ಮಲ್ಲಿ ಎಷ್ಟಿವೆ? ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ಸಂಜೆ ಸಭೆಯಲ್ಲಿ ವಿಜ್ಞಾನಿಗಳನ್ನು ಕಟುಕರೆಂದು ಬಯ್ಯುವುದು ನ್ಯಾಯವಲ್ಲ.

ನನ್ನ ಜಗಳ ಅಭ್ಯಾಸಬಲದೊಡನೆ. ಎಷ್ಟು ವಿಷ ಕೊಟ್ಟರೆ ಅರ್ಧದಷ್ಟು ಪ್ರಾಣಿಗಳು ಸಾಯುತ್ತವೆಂದು ಅಳೆಯುವ ಪರೀಕ್ಷೆ 1927ರಲ್ಲಿ ಹುಟ್ಟಿತು; ಅದರ ಹಳೆಯ ಕ್ರಮವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ ತೆಗೆದುಹಾಕಲು 2002 ಬರಬೇಕಾಯಿತು. ಮುಖಕ್ಕೆ ಹಚ್ಚುವ ಸೌಂದರ್ಯ ಸಾಮಗ್ರಿಗಾಗಿ ಮೊಲದ ಕಣ್ಣು ಕೆಡಿಸುವುದನ್ನು ನಮ್ಮ ದೇಶ ನಿಷೇಧಿಸಿದ್ದು 2014ರಲ್ಲಿ. ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಔಷಧಿ ಎಷ್ಟು ಒಳಗಿಳಿಯುತ್ತದೆಂಬುದನ್ನು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯ ಚರ್ಮದ ತುಂಡಿನ ಮೇಲೆ ಗಾಜಿನ ಉಪಕರಣದಲ್ಲೇ ಅಳೆಯಬಹುದು. ಜೀವಕೋಶಗಳ ಮೇಲಿನ ಪರೀಕ್ಷೆಗಳಿಗೆ ನಮ್ಮ ಔಷಧಿ ನಿಯಮಗಳೇ 2023ರಲ್ಲಿ ಮನ್ನಣೆ ಕೊಟ್ಟಿವೆ. ದಾರಿ ತೆರೆದಿದ್ದರೂ “ಹಿಂದಿನಿಂದ ಹೀಗೇ ಮಾಡುತ್ತಾ ಬಂದಿದ್ದೇವೆ” ಎಂದು ಮತ್ತೆ ಪಂಜರಕ್ಕೆ ಕೈಹಾಕಿದರೆ, ಅದು ವಿಜ್ಞಾನವಲ್ಲ, ಸೋಮಾರಿತನ.

ಈ ಮಾತನ್ನು ನಮ್ಮ ಪತ್ರಿಕೆಯಲ್ಲೇ ಬರೆಯಲು ಕಾರಣವಿದೆ. ಹೈದರಾಬಾದು ಔಷಧಿಗಳ ನಗರ. ಇಲ್ಲಿಯ ಪ್ರಯೋಗಶಾಲೆ, ಕಾರ್ಖಾನೆಗಳಲ್ಲಿ ನಮ್ಮವರಿದ್ದಾರೆ. ನಮ್ಮ ಮಕ್ಕಳು ಫಾರ್ಮಸಿ ಓದುತ್ತಿದ್ದಾರೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಯಲ್ಲಿ ನೈತಿಕ ಸಮಿತಿ ಇರಲೇಬೇಕು. ವಿಜ್ಞಾನಿಯಲ್ಲದ, ಸಮಾಜದ ಅರಿವುಳ್ಳ ಒಬ್ಬರೂ ಅದರಲ್ಲಿರಬೇಕು. ಆ ಕುರ್ಚಿ ಬರಿಯ ರುಜು ಹಾಕುವುದಕ್ಕಲ್ಲ. “ಪ್ರಾಣಿಯಿಲ್ಲದೆ ಆಗದೇ? ಇಷ್ಟೊಂದು ಬೇಕೇ? ನೋವಿಗೆ ಏನು ಮಾಡುವಿರಿ?” ಎಂದು ಕೇಳುವುದಕ್ಕೆ. ಬ್ರಿಟನ್ನಿನಲ್ಲಿ ಪ್ರತಿವರ್ಷ ಎಷ್ಟು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತೆಂಬ ಲೆಕ್ಕ ಪ್ರಕಟವಾಗುತ್ತದೆ. ನಮ್ಮ ನಗರದ ಸಂಸ್ಥೆಗಳೂ ಅಂಥ ಲೆಕ್ಕವನ್ನು ಜನರ ಮುಂದಿಡಲಿ. ಮುಚ್ಚಿಡುವಂಥದ್ದೇನೂ ಇಲ್ಲದಿದ್ದರೆ ಹಿಂಜರಿಕೆಯೇಕೆ?

ಆ 185 ಗ್ರಾಂ ತೂಕದ ಇಲಿ ನಮಗೊಂದು ಪಾಠ ಕಲಿಸಿ ಹೋಯಿತು. ಕಲಿತ ಪಾಠಕ್ಕಾಗಿ ಮತ್ತೆ ಮತ್ತೆ ಅದನ್ನೇ ಕೊಲ್ಲುವುದು ಋಣ ತೀರಿಸುವ ಬಗೆಯಲ್ಲ.